ನೇರಳೆ ಮುಚ್ಚಳದ ಎರಡು ಹನಿ

ಕ್ರೀಡಾ ಹಾಸ್ಟೆಲಿನ ರಕ್ತಪರೀಕ್ಷೆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಸೂಜಿ ಹಿಡಿದು ಕೂತ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಸಂಬಳದ ಚೀಟಿ ಬಿಟ್ಟು ಆಚೆ ಬಂದದ್ದಿಲ್ಲ. ಓಡುವವರು, ಈಜುವವರು, ಭಾರ ಎತ್ತುವವರು ಎಲ್ಲರ ಬಾಯಲ್ಲೂ ಆಕೆ 'ಒಂದೇಟಕ್ಕ'. ಒಂದೇ ಏಟಿಗೆ ನರ ಸಿಗಬೇಕು. ಎರಡನೇ ಸಲ ಚುಚ್ಚಿದ್ದನ್ನು ಕಂಡವರಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ರಕ್ತ ತೆಗೆದು ಹತ್ತಿ ಒತ್ತಿಸಿ 'ಮುಂದೆ' ಅನ್ನುತ್ತಿದ್ದಳು.

ಈ ಕೈಚಳಕ ಸುಮ್ಮನೆ ಬಂದದ್ದಲ್ಲ. ಕೆಲಸ ಕಲಿಯುವಾಗ ದಿನಾ ಸಂಜೆ ಗಂಡನ ತೋಳಿನ ಮೇಲೆ ಅಭ್ಯಾಸ ಮಾಡಿದವಳು. ಗಂಡ ಕ್ಷೌರದಂಗಡಿ ಇಟ್ಟವನು. "ನನ್ನ ಕೈ ಜರಡಿ ಮಾಡಿಬಿಟ್ಯಲ್ಲೇ. ನಾನು ಮೂವತ್ತು ವರ್ಷ ಕತ್ತಿ ಹಿಡಿದಿದೀನಿ, ಒಬ್ಬ ಗಿರಾಕಿಗೂ ರಕ್ತ ಬರಿಸಿಲ್ಲ. ನೀನು ನೋಡಿದ್ರೆ ರಕ್ತ ಬಂದ್ರೇನೇ ಸಂಬಳ ಅಂತೀಯ" ಎಂದು ಈಗಲೂ ಛೇಡಿಸುತ್ತಿದ್ದ. ಅಕ್ಕ ನಗುತ್ತಿದ್ದಳು. ತನ್ನ ಅಡ್ಡಹೆಸರಿನ ಬಗ್ಗೆ ಮಾತ್ರ ಆಕೆ ಯಾರ ತಮಾಷೆಯನ್ನೂ ಸಹಿಸುತ್ತಿರಲಿಲ್ಲ. ಅದೇ ಆಕೆಯ ಆಸ್ತಿ, ಅದೇ ಆಕೆಯ ಒಡವೆ.

ಎರಡು ತಿಂಗಳಿಗೊಮ್ಮೆ ಹಾಸ್ಟೆಲಿನ ಪ್ರತಿಯೊಬ್ಬರ ರಕ್ತದಲ್ಲೂ ಕಬ್ಬಿಣ ಎಷ್ಟು, ಜಿಂಕ್ ಎಷ್ಟು, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಷ್ಟು ಎಂದು ನೋಡಬೇಕು. ಓಡುವವರ ಬೆವರಿನ ಜೊತೆ ಇವೆಲ್ಲ ಚೂರುಚೂರೇ ಹರಿದು ಹೋಗುತ್ತವೆ. ಅಂಗಾಲು ನೆಲಕ್ಕೆ ಬಡಿದು ಬಡಿದು ಒಳಗೆ ರಕ್ತದ ಕಣಗಳೇ ಒಡೆಯುತ್ತವೆ. "ನೀವು ಓಡ್ತಿರೋದು ಮಣ್ಣಿನ ಮೇಲಲ್ಲ ಕಣ್ರೇ, ನಿಮ್ಮ ರಕ್ತದ ಮೇಲೇ. ತಟ್ಟೇಲಿ ಸೊಪ್ಪು ಬಿಟ್ಟು ಏಳಬೇಡಿ" ಎಂದು ಗದರುವುದೂ ಅಕ್ಕನ ಕೆಲಸವೇ ಆಗಿತ್ತು. ಆ ಕೆಲಸಕ್ಕೆ ಸಂಬಳವಿರಲಿಲ್ಲ.

ಆ ಶನಿವಾರದ ಬೆಳಿಗ್ಗೆ ಆರೂವರೆಗೆ ಹದಿನೆಂಟು ಜನ ಸಾಲಿನಲ್ಲಿ ನಿಂತಿದ್ದರು. ಸಂಜೆ ನಾಲ್ಕಕ್ಕೆ ಆಯ್ಕೆ ಓಟ. ಮೊದಲ ಮೂವರಿಗೆ ದೊಡ್ಡ ಶಿಬಿರದಲ್ಲಿ ಜಾಗ. ಡಾಕ್ಟರ್ ರಕ್ತದ ವರದಿ ನೋಡಿ ಸಹಿ ಹಾಕಿದವರ ಹೆಸರು ಮಧ್ಯಾಹ್ನ ಎರಡರೊಳಗೆ ಮೈದಾನದ ಕಚೇರಿಗೆ ಹೋಗಬೇಕು, ಹೋಗದಿದ್ದರೆ ಓಟವಿಲ್ಲ.

ಸಾಲಿನ ಒಂಬತ್ತನೆಯವಳು ಕಡ್ಡಿ. ಎಂಟುನೂರು ಮೀಟರ್ ಓಡುವ ಹುಡುಗಿ. ಕೈಕಾಲು ಕಂಡು ಹಾಸ್ಟೆಲಿನವರೇ ಇಟ್ಟ ಹೆಸರು. ಹೋದ ವರ್ಷ ಕಬ್ಬಿಣದ ಅಂಶ ತಳ ಮುಟ್ಟಿದೆ ಎಂದು ಡಾಕ್ಟರ್ ಅವಳನ್ನು ಓಡಲು ಬಿಟ್ಟಿರಲಿಲ್ಲ. ಮೆಟ್ಟಿಲ ಮೇಲೆ ಕೂತು, ತಾನು ದಿನಾ ಹಿಂದೆ ಹಾಕುತ್ತಿದ್ದ ಹುಡುಗಿಯರು ಗೆಲ್ಲುವುದನ್ನು ನೋಡಿದ್ದಳು. ಆಮೇಲೆ ಒಂದು ವರ್ಷ ಮಾತ್ರೆ ನುಂಗಿ, ಹೊಟ್ಟೆ ನೋವು ನುಂಗಿ, ಎರಡು ತಿಂಗಳಿಗೊಮ್ಮೆ ಅಕ್ಕನ ಮುಂದೆ ತೋಳು ಚಾಚಿ, ಎಂಟಿದ್ದ ಕಬ್ಬಿಣದ ದಾಸ್ತಾನನ್ನು ಹದಿಮೂರು, ಇಪ್ಪತ್ತೊಂದು, ಇಪ್ಪತ್ತೊಂಬತ್ತು ಎಂದು ಏರಿಸಿಕೊಂಡಿದ್ದಳು. ಪ್ರತಿ ಸಲವೂ ಅಂಕಿ ಮೊದಲು ಓದಿ ಹೇಳಿದವಳು ಅಕ್ಕನೇ. ಸತತ ಎರಡು ವರ್ಷ ಆಯ್ಕೆ ಓಟಕ್ಕೆ ಇಳಿಯದವರ ಹಾಸಿಗೆ ಬೇರೆಯವರಿಗೆ ಹೋಗುತ್ತದೆ ಎಂಬುದು ಹಾಸ್ಟೆಲಿನ ನಿಯಮ. ಗೆಲ್ಲಲಿ ಬಿಡಲಿ, ಕಡ್ಡಿ ಇವತ್ತು ಓಡಲೇಬೇಕಿತ್ತು.

ಚಳಿಗೋ ಭಯಕ್ಕೋ ಅವಳ ನರಗಳು ಎಲ್ಲೋ ಅವಿತುಕೊಂಡಿದ್ದವು. ಅಕ್ಕ ತೋಳಿಗೆ ಪಟ್ಟಿ ಬಿಗಿದು ತಟ್ಟಿದಳು, ಉಜ್ಜಿದಳು.

ಹಿಂದಿನಿಂದ ಯಾರೋ ಪಿಸುಗುಟ್ಟಿದರು. "ಇವತ್ತು ಅಕ್ಕ ಎರಡು ಸಲ ಚುಚ್ತಾರೆ ನೋಡು."

"ಸಾಧ್ಯವೇ ಇಲ್ಲ. ಬೇಕಾದ್ರೆ ತಿಂಡಿಗೆ ಕೊಡೋ ನನ್ನ ಮೊಟ್ಟೆ ಪಣ."

ಅಕ್ಕನಿಗೆ ಕೇಳಿಸಿತು. ಕೇಳಿಸಬಾರದಿತ್ತು.

ಈ ಕೋಣೆಯಲ್ಲಿ ರಕ್ತ ಎರಡು ಟ್ಯೂಬಿಗೆ ಹೋಗುತ್ತದೆ. ಕೆಂಪು ಮುಚ್ಚಳದ್ದು ಬರಿಯ ಟ್ಯೂಬು. ಅದರಲ್ಲಿ ರಕ್ತ ಹೆಪ್ಪುಗಟ್ಟಬೇಕು, ಖನಿಜಗಳ ಲೆಕ್ಕವೆಲ್ಲ ಅದರಿಂದಲೇ. ನೇರಳೆ ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಒಂದು ಪೊಟ್ಯಾಸಿಯಂ ಉಪ್ಪು ಸವರಿರುತ್ತಾರೆ. ಅದು ಕ್ಯಾಲ್ಸಿಯಂ, ಜಿಂಕ್ ಎಲ್ಲವನ್ನೂ ಹಿಡಿದುಕೊಂಡುಬಿಡುತ್ತದೆ. 'ಕೆಂಪು ಮೊದಲು, ನೇರಳೆ ಆಮೇಲೆ. ನೇರಳೆಯ ಹನಿ ಕೆಂಪಿಗೆ ಬಿದ್ದರೆ ರಕ್ತ ಸುಳ್ಳು ಹೇಳುತ್ತೆ' ಎಂದು ಕಲಿಯಲು ಬಂದವರಿಗೆಲ್ಲ ಬಾಯಿಪಾಠ ಮಾಡಿಸಿದವಳು ಇದೇ ಅಕ್ಕ.

ಸೂಜಿ ಇಳಿಯಿತು, ನರ ಸಿಕ್ಕಿತು. ಆದರೆ ರಕ್ತ ತೊಟ್ಟಿಕ್ಕುತ್ತಿತ್ತು. ಹಿಮೋಗ್ಲೋಬಿನ್ ನೋಡುವ ನೇರಳೆಯಾದರೂ ತುಂಬಲಿ ಎಂದು ಅದನ್ನೇ ಮೊದಲು ಹಿಡಿದಳು. ಅದು ಮುಕ್ಕಾಲು ತುಂಬಿತು. ಆಮೇಲೆ ಕೆಂಪು ಹಿಡಿದರೆ ಕಾಲುಭಾಗಕ್ಕೆ ನರ ಕೈಕೊಟ್ಟಿತು. ಇಷ್ಟು ಸಾಲದು, ಮೆಷಿನ್ ಒಪ್ಪುವುದಿಲ್ಲ. ಇನ್ನೊಂದು ತೋಳು ಚಾಚಿಸಿ ಇನ್ನೊಮ್ಮೆ ಚುಚ್ಚಬೇಕು, ಅಷ್ಟೇ. ಪ್ರಪಂಚದಲ್ಲಿ ಯಾರು ಬೇಕಾದರೂ ಮಾಡುವ ಕೆಲಸ.

ಅಕ್ಕ ಹತ್ತಿ ಒತ್ತಿ, "ಮುಂದೆ" ಅಂದಳು. ಕಡ್ಡಿ ಎದ್ದು ಹೋದಳು. ಹಿಂದೆ ಮೊಟ್ಟೆ ಗೆದ್ದವರು ನಕ್ಕರು. ಅಕ್ಕ ಮೇಜಿನ ಕಡೆ ತಿರುಗಿ, ಬೆನ್ನು ಮರೆಮಾಡಿ, ಎರಡೂ ಮುಚ್ಚಳ ತೆಗೆದು ನೇರಳೆಯಿಂದ ಕೆಂಪಿಗೆ ಎರಡು ಹನಿ ಬಗ್ಗಿಸಿದಳು. ಎರಡೇ ಹನಿ ಅಂದುಕೊಂಡಿದ್ದಳು. ಬಗ್ಗಿಸುವಾಗ ಅದು ನಾಲ್ಕೋ ಐದೋ ಆಯಿತು. ಇಪ್ಪತ್ತಾರು ವರ್ಷದಲ್ಲಿ ಮಾಡದಿದ್ದ ಕೆಲಸ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಅದು ಮೊಟ್ಟೆಯೊಂದರ ಪಣಕ್ಕೆ ಹೋಯಿತು.

ಹನ್ನೊಂದೂವರೆಗೆ ಅಕ್ಕ ಹಿತ್ತಲ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಳು. ಅಪಾಯದ ಅಂಕಿ ಬಂದರೆ ಮೆಷಿನ್ ನೇರ ಡಾಕ್ಟರ ಫೋನಿಗೆ ಸುದ್ದಿ ಕಳಿಸುತ್ತದೆ. ಡಾಕ್ಟರ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಎಳೆಯ ವಯಸ್ಸು. ಓಡಿಕೊಂಡೇ ಬಂದರು.

"ಅಕ್ಕಾ, ಕಡ್ಡಿ ಸ್ಯಾಂಪಲ್ ನೀವೇ ತೆಗೆದಿದ್ದಾ?"

"ಇನ್ಯಾರು ತೆಗೀತಾರೆ?"

"ಪೊಟ್ಯಾಸಿಯಂ ಏಳೂವರೆ ಹತ್ತಿರ ಇದೆ. ಐದು ದಾಟಬಾರದು. ಮೆಷಿನ್ನಿಗೆ ಇನ್ನೊಂದ್ಸಲ ಹಾಕಿದೆ, ಅದೇ ಬಂತು. ಈ ಅಂಕಿಗೆ ಹೃದಯ ನಿಂತೇ ಹೋಗ್ಬಹುದು. ರಕ್ತ ತೆಗೆಯುವಾಗ ಏನಾದ್ರೂ ತೊಂದರೆ ಆಯ್ತಾ?"

"ಏನ್ ತೊಂದರೆ? ಒಂದೇ ಏಟಿಗೆ ಬಂತು."

ಮಾತು ಬಾಯಿಂದ ಜಾರಿತು. ಯೋಚಿಸಿ ಆಡಿದ ಸುಳ್ಳಲ್ಲ, ಇಪ್ಪತ್ತಾರು ವರ್ಷದ ಅಭ್ಯಾಸ ಆಡಿಸಿದ ಮಾತು. ಡಾಕ್ಟರ್ ತಲೆಯಾಡಿಸಿದರು. "ಅದೇ ಅಂದ್ಕೊಂಡೆ. ನಿಮ್ಮ ಕೈ ಸ್ಯಾಂಪಲ್ ಅಂದ್ಮೇಲೆ ಸಂಶಯ ಯಾಕೆ?" ಕೈಯಲ್ಲಿದ್ದ ಹಾಳೆ ಅಕ್ಕನ ಮಡಿಲಿಗೆ ಹಾಕಿ ಫೋನ್ ಒತ್ತುತ್ತಾ ಹೊರಟೇಬಿಟ್ಟರು.

ಅಕ್ಕ ಹಾಳೆ ನೋಡಿದಳು. ಪೊಟ್ಯಾಸಿಯಂ ಆಕಾಶದಲ್ಲಿ, ಕ್ಯಾಲ್ಸಿಯಂ ಪಾತಾಳದಲ್ಲಿ, ಜಿಂಕ್ ಇಲ್ಲವೇ ಇಲ್ಲ ಅನ್ನುವಷ್ಟು. ಈ ಮೂರೂ ಒಟ್ಟಿಗೆ ಬಂದರೆ ಅದು ಕಾಯಿಲೆಯಲ್ಲ, ನೇರಳೆ ಮುಚ್ಚಳ. ಚಹಾ ಲೋಟ ಕಟ್ಟೆಯ ಮೇಲಿಟ್ಟು ಎದ್ದಳು.

ಓಡಿಹೋಗಿ ಹೇಳಿಬಿಡಬೇಕು ಎಂದೇ ಒಳಗೆ ಹೋದಳು, ಆ ಮಾತು ನಿಜ. ಆದರೆ ಅಷ್ಟರಲ್ಲಿ ಅಲ್ಲಿ ಬೇರೆಯದೇ ರಾಮಾಯಣ ಶುರುವಾಗಿತ್ತು. ಕಡ್ಡಿಯನ್ನು ಮಂಚದ ಮೇಲೆ ಮಲಗಿಸಿ ಎದೆಗೆ ವೈರು ಅಂಟಿಸಿದ್ದರು. ಇಸಿಜಿ ಗೆರೆ ಸರಿಯಾಗೇ ಓಡುತ್ತಿತ್ತು. ಅವಳ ಚೀಲ ನೆಲದ ಮೇಲೆ ಬರಿದಾಗಿತ್ತು. ಕೋಚ್ ಕೈಯಲ್ಲಿ ಒಂದು ಡಬ್ಬಿ.

"ಇದೇನಮ್ಮಾ ಇದು?"

"ಶಕ್ತಿ ಪುಡಿ ಸಾರ್. ಚಿಕ್ಕಮ್ಮ ಕೊಟ್ಟಿದ್ದು. ನಿನ್ನೆ ಒಂದು ಚಮಚ ಅಷ್ಟೇ."

"ಹೊರಗಿನ ಪುಡಿ ಮುಟ್ಟಬೇಡಿ ಅಂತ ಎಷ್ಟು ಸಲ ಬಡ್ಕೊಂಡಿದೀನಿ! ನೋಡಿ ಡಾಕ್ಟ್ರೇ, ಇದರ ಮೇಲೇ ಬರೆದಿದೆ ಪೊಟ್ಯಾಸಿಯಂ ಅಂತ. ಕದ್ದು ತಿಂದು ಸಾಯೋಕೆ ಹೊರಟಿದಾಳೆ. ಓಟ ಹೋಗ್ಲಿ, ಹಾಸ್ಟೆಲ್ಲಿಂದಲೇ ಕಳಿಸ್ತೀನಿ. ಈಗಲೇ ಪತ್ರ ಟೈಪ್ ಮಾಡಿಸ್ತೀನಿ."

ಡಾಕ್ಟರ್ ದೊಡ್ಡಾಸ್ಪತ್ರೆಗೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿದ್ದರು. ಮುಕ್ಕಾಲು ಗಂಟೆಯಲ್ಲಿ ಬರುತ್ತದಂತೆ.

ಬಾಗಿಲ ಬಳಿ ನಿಂತ ಅಕ್ಕನಿಗೆ ಒಂದು ಕ್ಷಣ ಹಾಯೆನಿಸಿತು. ಹೌದು, ಹಾಯೆನಿಸಿತು, ಮುಚ್ಚಿಡುವುದೇಕೆ? ದೊಡ್ಡಾಸ್ಪತ್ರೆಯಲ್ಲಿ ಮತ್ತೆ ರಕ್ತ ತೆಗೆಯುತ್ತಾರೆ, ಅಂಕಿ ಸರಿ ಬರುತ್ತದೆ, ಪುಡಿಯ ಅಂಶ ಇಳಿಯಿತು ಅನ್ನುತ್ತಾರೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಂದೇಟಕ್ಕ ಒಂದೇಟಕ್ಕನಾಗಿಯೇ ನಿವೃತ್ತಿಯಾಗಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಬರೆ ಬೀಳುವ ಎಮ್ಮೆ ಮಾತ್ರ ಕಣ್ಣೆದುರೇ ಮಂಚದ ಮೇಲೆ ಮಲಗಿತ್ತು.

ಕೋಚ್ ಪತ್ರಕ್ಕೆಂದು ಹೋದರು. ಡಾಕ್ಟರ್ ಹೊರಗೆ ಫೋನಿನಲ್ಲಿದ್ದರು. ಕಡ್ಡಿ ಅಕ್ಕನ ಸೆರಗು ಹಿಡಿದಳು.

"ಅಕ್ಕಾ, ಒಂದೇ ಚಮಚ. ಕಹಿ ಇತ್ತು, ಅರ್ಧ ಉಗಿದೆ. ನನ್ನ ಹೃದಯ ನಿಂತುಹೋಗುತ್ತಾ?"

"ಇಲ್ಲ ಮಗಾ, ಏನೂ ಆಗಲ್ಲ."

"ನಿಮಗೆ ಹೇಗೆ ಗೊತ್ತು?"

ಹೇಗೆ ಗೊತ್ತು ಎಂದು ಈ ಇಡೀ ಕಟ್ಟಡದಲ್ಲಿ ಹೇಳಬಲ್ಲವಳು ಅವಳೊಬ್ಬಳೇ. ಸೆರಗು ಬಿಡಿಸಿಕೊಂಡು ಹೊರಗೆ ಬಂದಳು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂಕಾಲು.

ಮೆಟ್ಟಿಲ ಕೆಳಗೆ ನಿಂತು ಗಂಡನಿಗೆ ಫೋನ್ ಮಾಡಿದಳು. ಆ ಕಡೆ ಕತ್ತರಿಯ ಸದ್ದು.

"ರೀ, ನೀವು ಯಾವತ್ತಾದ್ರೂ ಗಿರಾಕಿ ಕಿವಿ ಕೊಯ್ದಿದೀರಾ?"

"ಇದೇನೇ ಹೊತ್ತಲ್ಲದ ಹೊತ್ತಲ್ಲಿ ಇಂಥ ಪ್ರಶ್ನೆ? ಕೊಯ್ದಿದೀನಿ. ಎರಡು ಸಲ."

"ಒಬ್ಬರಿಗೂ ರಕ್ತ ಬರಿಸಿಲ್ಲ ಅಂತಿದ್ರಲ್ಲ!"

"ನಿನ್ನ ಮುಂದೆ ಇನ್ನೇನೇ ಹೇಳ್ಲಿ? ನೀನು ಒಂದೇಟಕ್ಕ."

"ಕೊಯ್ದಾಗ ಏನ್ ಮಾಡಿದ್ರಿ?"

"ಏನ್ ಮಾಡೋದು? ಕನ್ನಡಿ ಎದುರಿಗೇ ಇರುತ್ತಲ್ಲೇ, ಅವನಿಗೂ ಕಾಣ್ಸುತ್ತೆ. ಹತ್ತಿ ಒತ್ತಿ, ತಪ್ಪಾಯ್ತು ಅಣ್ಣಾ ಅಂದೆ."

"ಆಮೇಲೆ ಅವರು ಬಂದ್ರಾ?"

"ಒಬ್ಬ ಬಂದ. ಒಬ್ಬ ಬರಲಿಲ್ಲ. ಯಾಕೆ, ಯಾರ ಕಿವಿ ಹೋಯ್ತು?"

ಅಕ್ಕ ಫೋನ್ ಇಟ್ಟಳು. ತನ್ನ ಮುಂದೆ ಯಾವ ಕನ್ನಡಿಯೂ ಇರಲಿಲ್ಲ, ಅದೇ ತೊಂದರೆ. ಮತ್ತೂ ಒಂದಷ್ಟು ಹೊತ್ತು ಅಲ್ಲೇ ನಿಂತಳು. ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಹೋಗುವುದು ಕಡ್ಡಿಯ ಓಟ, ಹಾಸಿಗೆ, ಒಂದು ವರ್ಷ ನುಂಗಿದ ಮಾತ್ರೆ. ಗೇಟಿನ ಹತ್ತಿರ ಆಂಬುಲೆನ್ಸಿನ ಸದ್ದು ಕೇಳಿದ ಮೇಲೆಯೇ ಆಕೆಯ ಕಾಲು ಅಲ್ಲಾಡಿದ್ದು. ಬೇಗ ಹೊರಟಳು ಎಂದು ನಾನು ಸುಳ್ಳು ಹೇಳಲಾರೆ.

ಪಡಸಾಲೆಯಲ್ಲಿ ಸ್ಟ್ರೆಚರ್ ಬರುತ್ತಿತ್ತು. ಡಾಕ್ಟರ್ ಒಂದು ಪಕ್ಕ, ಟೈಪಾದ ಪತ್ರ ಹಿಡಿದು ಕೋಚ್ ಇನ್ನೊಂದು ಪಕ್ಕ. ಅಕ್ಕ ನಡುವೆ ನಿಂತಳು.

"ಡಾಕ್ಟ್ರೇ, ನಿಲ್ಸಿ. ಆ ರಕ್ತ ಅವಳದ್ದಲ್ಲ... ಅವಳದ್ದೇ, ಆದ್ರೆ ಸರಿಯಿಲ್ಲ. ಕೆಂಪು ಟ್ಯೂಬಿಗೆ ರಕ್ತ ಸಾಲಲಿಲ್ಲ. ನೇರಳೆಯಿಂದ ಸುರಿದೆ."

ಡಾಕ್ಟರ್ ಅಕ್ಕನ ಕೈಯಲ್ಲಿದ್ದ ಹಾಳೆ ತೆಗೆದುಕೊಂಡು ಬಿಡಿಸಿ ನೋಡಿದರು, ಬೆರಳು ಕ್ಯಾಲ್ಸಿಯಂ ಮೇಲೆ ನಿಂತಿತು, ಜಿಂಕ್ ಮೇಲೆ ನಿಂತಿತು.

"ನಾನು ಕೇಳಿದೆನಲ್ಲ ಅಕ್ಕಾ. ಕಟ್ಟೆ ಹತ್ರ ಕೇಳಿದೆ."

"ಕೇಳಿದ್ರಿ. ಸುಳ್ಳು ಹೇಳಿದೆ."

ಕೋಚ್ ಮುಖ ಕೆಂಪಾಯಿತು. "ನಿಮ್ಮ ಕೈ ನಂಬಿ ಈ ಹುಡುಗೀನ ಕಳ್ಳಿ ಅಂದೆನಲ್ಲಮ್ಮಾ! ಒಂದು ಗಂಟೆಯಿಂದ ಬಾಯಿಗೆ ಬಂದ ಹಾಗೆ ಬೈದೆನಲ್ಲ! ಇನ್ನೊಂದ್ಸಲ ಚುಚ್ಚೋಕೆ ಏನಾಗಿತ್ತು ನಿಮಗೆ, ಕೈಗೆ ಲಕ್ವ ಹೊಡೆದಿತ್ತಾ?"

"ಸೊಕ್ಕು ಸಾರ್" ಅಂದಳು ಅಕ್ಕ. "ಬೇರೇನಿಲ್ಲ."

ಹನ್ನೆರಡು ಐವತ್ತು. ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ, ಗಿರ್ರನೆ ತಿರುಗಿಸಿ ತಿಳಿ ಬೇರೆ ಮಾಡಲು ಹತ್ತು ನಿಮಿಷ, ಮೆಷಿನ್ನಿಗೆ ಹನ್ನೆರಡು. ಎರಡು ಗಂಟೆಗೆ ಓಡುವವರ ಹೆಸರಿನ ಪಟ್ಟಿ ಮುಚ್ಚುತ್ತದೆ. ಡಾಕ್ಟರ್ ತಾವೇ ಕೈಗವಸು ಎಳೆದುಕೊಳ್ಳತೊಡಗಿದರು. ಕಡ್ಡಿ ಎದ್ದು ಕೂತು ಹುಡುಗರಂತೆ ಮೂಗು ಒರೆಸಿಕೊಂಡಳು.

"ಅಕ್ಕನೇ ತೆಗೀಲಿ."

ಅಕ್ಕ ಬಲತೋಳಿಗೆ ಪಟ್ಟಿ ಬಿಗಿದಳು. ಬಾಗಿಲಲ್ಲಿ ಬೆಳಗಿನ ಸಾಲಿನವರು ಅರ್ಧದಷ್ಟು ಜನ ನೆರೆದಿದ್ದರು. ಸೂಜಿ ಇಳಿಸಿದಳು. ಖಾಲಿ. ನರ ಪಕ್ಕಕ್ಕೆ ಸರಿದಿತ್ತು. ಒಂದು ಹನಿಯೂ ಬರಲಿಲ್ಲ. ಇಪ್ಪತ್ತಾರು ವರ್ಷ ಎದ್ದು ನಿಂತ ಗೋಡೆ ಎಲ್ಲರ ಕಣ್ಣೆದುರು ಬಿದ್ದುಹೋಯಿತು, ಆಕೆಯ ಹಣೆಯ ಬೆವರು ಹುಡುಗಿಯ ತೋಳಿನ ಮೇಲೆ ಬಿತ್ತು.

"ಎರಡಾಯ್ತು" ಎಂದು ಅಕ್ಕನ ಬಾಯಿಂದ ತಾನಾಗಿ ಬಂತು.

"ಎಣಿಸಬೇಡಿ ಅಕ್ಕಾ" ಅಂದಳು ಕಡ್ಡಿ. "ಚುಚ್ಚಿ."

ಮೂರನೆಯದು ಎಡತೋಳಿನ ಮಣಿಕಟ್ಟಿನ ಹತ್ತಿರ ಸಿಕ್ಕಿತು. ಕೆಂಪು ಮುಚ್ಚಳದ ಟ್ಯೂಬು ಮೊದಲು, ಕತ್ತಿನವರೆಗೆ ತುಂಬುವ ತನಕ.

ಆಮೇಲಿನ ಅರ್ಧ ಗಂಟೆ ಆಕೆ ಸ್ಟ್ಯಾಂಡಿನಲ್ಲಿ ನಿಂತ ಟ್ಯೂಬನ್ನೇ ನೋಡುತ್ತಾ ಕೂತಳು. ಕಾದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆಯೇ? ಅದರ ಪಾಡಿಗೆ ಅದು. ಎರಡು ಸಲ ಕೈ ಚಾಚಿ ಹಿಂದೆಗೆದಳು. ಇನ್ನು ಅವಸರ ಮಾಡಿದರೆ ಬೆಳಗಿನ ಬುದ್ಧಿಯೇ ಬಂದಂತೆ. ಒಂದೂ ಇಪ್ಪತ್ತೈದಕ್ಕೆ ತಿರುಗಿಸುವ ಯಂತ್ರಕ್ಕೆ ಹಾಕಿದಳು. ಒಂದೂ ಮೂವತ್ತೇಳಕ್ಕೆ ಮೆಷಿನ್ನಿಗೆ. ಕೋಚ್ ಪತ್ರವನ್ನು ಸಣ್ಣಗೆ, ಇನ್ನೂ ಸಣ್ಣಗೆ ಹರಿಯುತ್ತಾ ಬಾಗಿಲಲ್ಲಿ ನಿಂತಿದ್ದರು.

ಒಂದೂ ಐವತ್ತು. ಪೊಟ್ಯಾಸಿಯಂ ನಾಲ್ಕು ಪಾಯಿಂಟ್ ಎರಡು. ಕ್ಯಾಲ್ಸಿಯಂ ಸರಿ. ಜಿಂಕ್ ಸ್ವಲ್ಪ ಕಮ್ಮಿ, ಆದರೆ ಇದೆ. ಕಬ್ಬಿಣದ ದಾಸ್ತಾನು ಮೂವತ್ನಾಲ್ಕು. ಈ ಸಲ ಅಂಕಿಯನ್ನು ಡಾಕ್ಟರೇ ಓದಿ ಸಹಿ ಹಾಕಿದರು. ಸೀಟಿ ಊದಿ ಬೇರೆಯವರನ್ನು ಓಡಿಸಿದ್ದು ಬಿಟ್ಟರೆ ಕೋಚ್ ಸ್ವತಃ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಅವತ್ತು ಹೊಟ್ಟೆ ಕುಣಿಸುತ್ತಾ ಮೈದಾನ ಅಡ್ಡ ಹಾಯ್ದು ಓಡಿದರು. ಎರಡಕ್ಕೆ ಮೂರು ನಿಮಿಷ ಇರುವಾಗ ಕಡ್ಡಿಯ ಹೆಸರು ಪಟ್ಟಿಗೆ ಬಿತ್ತು.

ನಾಲ್ಕಕ್ಕೆ ಅಕ್ಕ ಓಟ ನೋಡಲು ಹೋಗಲಿಲ್ಲ. ತಪ್ಪುಗಳನ್ನು ಬರೆಯುವ ದಪ್ಪ ಪುಸ್ತಕ ತೆಗೆದು ಕೂತಳು. ಅದರಲ್ಲಿ ಬೇರೆಯವರ ತಪ್ಪನ್ನು ಎಷ್ಟೋ ಸಲ ಬರೆದಿದ್ದಳು. 'ನೇರಳೆ ಟ್ಯೂಬಿನ ರಕ್ತವನ್ನು ಕೆಂಪಿಗೆ ಸುರಿದವಳು ನಾನು. ಕೇಳಿದಾಗ ಇಲ್ಲವೆಂದವಳೂ ನಾನು' ಎಂದು ಬರೆದು ಕೆಳಗೆ ಪೂರ್ತಿ ಹೆಸರು ಹಾಕಿದಳು, ಅಪ್ಪ ಅಮ್ಮ ಇಟ್ಟದ್ದು. ಹೊರಗೆ ಓಟ ಶುರುಮಾಡುವ ಗುಂಡಿನ ಸದ್ದು ಕೇಳಿತು, ಎರಡು ನಿಮಿಷ ಕೂಗಾಟ, ಆಮೇಲೆ ಚಪ್ಪಾಳೆ. ಯಾರಿಗೆಂದು ಗೊತ್ತಾಗಲಿಲ್ಲ.

ಅರ್ಧ ಗಂಟೆಯ ಮೇಲೆ ಕಡ್ಡಿ ಬಂದಳು. ಮೈಯೆಲ್ಲ ಬೆವರು. ಎರಡೂ ಕೈಗೆ ಹತ್ತಿ, ಅಂಟುಪಟ್ಟಿ.

"ನಾಲ್ಕನೇದು ಅಕ್ಕಾ."

ಮೂವರಿಗೆ ಮಾತ್ರ ಜಾಗ. ಅಕ್ಕ ಪುಸ್ತಕ ಮುಚ್ಚಿದಳು. "ನನ್ನಿಂದ ಕಣೇ. ಓಟದ ದಿನ ನಿನ್ನ ಹೆದರಿಸಿ, ಮಲಗಿಸಿ, ಊಟ ತಪ್ಪಿಸಿ, ಮೂರು ಸಲ ಚುಚ್ಚಿ..."

"ಇರಬಹುದು" ಅಂದಳು ಕಡ್ಡಿ. ಇಲ್ಲ ಅನ್ನಲಿಲ್ಲ. ಸ್ಟೂಲಿನ ಮೇಲೆ ಕೂತು ಉಸಿರು ಸರಿಮಾಡಿಕೊಂಡಳು. "ಇರಬಹುದು ಅಕ್ಕಾ. ಹೋದ್ ವರ್ಷ ಕೂತು ಸೋತೆ. ಈ ಸಲ ಓಡಿ ಸೋತೆ. ಹಾಸಿಗೆ ಉಳೀತು, ಮುಂದಿನ ವರ್ಷ ನೋಡೋಣ. ಈ ಪಟ್ಟಿ ಕಿತ್ತುಕೊಡಿ, ಕೂದಲು ಎಳೀತಿದೆ."

ಅಕ್ಕ ಪಟ್ಟಿಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ಬಿಡಿಸಿದಳು. ಕಣ್ಣು ಮಂಜಾಗಿ ಅಂಚು ಕಾಣುತ್ತಿರಲಿಲ್ಲ.

ಆಕೆಯ ಕೆಲಸ ಹೋಗಲಿಲ್ಲ, ಎಚ್ಚರಿಕೆಯ ಪತ್ರ ಬಂತು. ಹೆಸರು ಮಾತ್ರ ಹೋಯಿತು. ವಾರದೊಳಗೆ ಹಾಸ್ಟೆಲಿಡೀ 'ಮೂರೇಟಕ್ಕ' ಆಯಿತು. ಗಂಡನೂ ಒಂದು ದಿನ ಹಾಗೆ ಕರೆದು ಬೈಸಿಕೊಂಡ.

ಎರಡು ತಿಂಗಳ ಮೇಲೆ ಮತ್ತೆ ಬೆಳಗಿನ ಸಾಲು. ಒಂಬತ್ತನೆಯವಳಾಗಿ ಕಡ್ಡಿ ಬಂದು ತೋಳು ಚಾಚಿದಳು. ಅಕ್ಕ ಪಟ್ಟಿ ಬಿಗಿದು, ತಟ್ಟಿ, ಸೂಜಿ ಇಳಿಸಿದಳು. ರಕ್ತ ಬರಲಿಲ್ಲ. ಅಕ್ಕ ಸೂಜಿ ತೆಗೆದು ಹತ್ತಿ ಒತ್ತಿದಳು.

"ಸಿಗಲಿಲ್ಲ ಮಗಾ. ಆ ಕೈ ಕೊಡು, ಇನ್ನೊಂದ್ಸಲ ಚುಚ್ತೀನಿ."

ಸಾಲಿನ ಹಿಂದೆ ಯಾರೋ ಒಂದು ಮೊಟ್ಟೆ ಸೋತರು.